ಬಿಸಿನೀರಿನ ಫಿಟ್ಸ್‌ಗೆ ಎರಡೇ ಸಾಲಾ?

ನಿಮ್ಹಾನ್ಸ್‌ನ ಮಾಜಿ ನಿರ್ದೇಶಕ ಡಾ. ಪಿ. ಸತೀಶ್ಚಂದ್ರ ಅವರ ಸಂಶೋಧನೆಯ ಬಗ್ಗೆ ನೀವು ಲೇಖನ ಬರೆದಿದ್ದು ಖುಷಿ ಆಯಿತು. ಆದರೆ ಅದರಲ್ಲಿ ಅವರ ಹುದ್ದೆಗಳ ಪಟ್ಟಿಯೇ ಜಾಸ್ತಿ ಆಯಿತು, ಬಿಸಿನೀರಿನ ಫಿಟ್ಸ್ ಎರಡೇ ಸಾಲಿನಲ್ಲಿ ಮುಗಿಯಿತು. ಅಸಲಿ ವಿಷಯ ಅದೇ ಅಲ್ವಾ?

ತಲೆ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಈ ಫಿಟ್ಸ್ ಬೇರೆ ದೇಶಗಳಲ್ಲಿ ಅಪರೂಪ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಜಾಸ್ತಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ 1960ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ಸತೀಶ್ಚಂದ್ರ ಅವರ ತಂಡ ಇಲಿಗಳ ಮೇಲೂ ಪ್ರಯೋಗ ಮಾಡಿ ನೋಡಿತು.

ಗದಗಿನಲ್ಲಿ ನಮ್ಮ ಅಕ್ಕನ ಮಗನಿಗೆ ಇದೇ ಇತ್ತು. ಹಂಡೆಯಿಂದ ನಾಲ್ಕು ತಂಬಿಗೆ ನೀರು ಬೀಳುವಷ್ಟರಲ್ಲಿ ಕಣ್ಣು ಒಂದೇ ಕಡೆ ನೆಟ್ಟು ಬಿಡುತ್ತಿತ್ತು, ಕರೆದರೆ ಓ ಅನ್ನುತ್ತಿರಲಿಲ್ಲ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿದ್ದೂ ಆಯಿತು. ಹುಬ್ಬಳ್ಳಿಯ ಡಾಕ್ಟರ್ ಮೊದಲು ಕೇಳಿದ್ದು, 'ನೀರು ಎಷ್ಟು ಬಿಸಿ ಇರ್ತದ?' ಅಂತ! ಈಗ ಉಗುರುಬೆಚ್ಚಗಿನ ನೀರು, ತಲೆಸ್ನಾನಕ್ಕೆ ಮುಂಚೆ ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ. ಆರಾಮಿದ್ದಾನೆ.

ಹಾಗಂತ ಯಾರೂ ಸುಮ್ನೆ ಮೆಡಿಕಲ್ ಶಾಪ್‌ನಿಂದ ಮಾತ್ರೆ ತರಬೇಡಿ. ಕೆಲವರಿಗೆ ಬಿಸಿನೀರು ಇಲ್ಲದೆಯೂ ಫಿಟ್ಸ್ ಬರುತ್ತದೆ, ಅವರ ಚಿಕಿತ್ಸೆಯೇ ಬೇರೆ. ಆ ಇಲಿಗಳ ಪ್ರಯೋಗದ ಬಗ್ಗೆ ಇನ್ನೊಂದು ಲೇಖನ ಬರೆಯಿರಿ, ಕಾಯುತ್ತೇನೆ.