ಕ್ರಾಫ್ಟ್‌ವರ್ಕ್ ಮುಗಿದಿದ್ದು ಯಾವಾಗ?

ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತದ ಬ್ಯಾಂಡ್ ಕ್ರಾಫ್ಟ್‌ವರ್ಕ್ ಇನ್ನೂ ಶೋ ಮಾಡ್ತಾನೇ ಇದಾರಲ್ಲ ಅಂತೀರೇನೋ. ಹೌದು, ಹೆಸರಿದೆ, ರಾಲ್ಫ್ ಹ್ಯೂಟರ್ ಇದಾರೆ. ಆದ್ರೆ ನಾನು ಪ್ರಾಣ ಬಿಡೋ ಆ ನಾಲ್ಕು ಜನರ ಬ್ಯಾಂಡು, ಅಂದ್ರೆ ಹ್ಯೂಟರ್, ಫ್ಲೋರಿಯನ್ ಶ್ನೈಡರ್, ಕಾರ್ಲ್ ಬಾರ್ಟೋಸ್, ವೋಲ್ಫ್‌ಗಾಂಗ್ ಫ್ಲೂರ್, ಅದು 80ರ ದಶಕದಲ್ಲೇ ಸದ್ದಿಲ್ಲದೆ ಕರಗಿಹೋಯ್ತು.

1981ರಲ್ಲಿ ಇವರ ಮುಂದೆ ಯಾರೂ ಇರ್ಲಿಲ್ಲ. ಕಂಪ್ಯೂಟರ್ ವರ್ಲ್ಡ್ ಆಲ್ಬಂ ಬಂತು, ಡುಸೆಲ್ಡಾರ್ಫ್‌ನ ತಮ್ಮದೇ ಕ್ಲಿಂಗ್ ಕ್ಲಾಂಗ್ ಸ್ಟುಡಿಯೋದ ಸಾಮಾನನ್ನೇ ಹೊತ್ಕೊಂಡು ದೇಶದೇಶ ಸುತ್ತಿದ್ರು, ನಮ್ಮ ಬಾಂಬೆಗೂ ಬಂದು ನುಡಿಸಿ ಹೋದ್ರು! ಪಾಕೆಟ್ ಕ್ಯಾಲ್ಕುಲೇಟರ್ ಹಾಡು ಬಂದಾಗ ಅಂಗೈಯಗಲದ ಪುಟ್ಟ ಯಂತ್ರ ಹಿಡ್ಕೊಂಡು ಸ್ಟೇಜಿನ ತುದಿಗೇ ಬಂದು ಮುಂದಿನ ಸಾಲಿನವರ ಕೈಲೂ ಬಟನ್ ಒತ್ತಿಸ್ತಿದ್ರು. ಇವರನ್ನ ರೋಬೋಟ್‌ಗಳು ಅನ್ನೋರಿಗೆ ನಾನು ಮೊದಲು ಹೇಳೋದೇ ಇದನ್ನ.

ಆಮೇಲೆ ಏನಾಯ್ತು? 1982ರಲ್ಲಿ ನ್ಯೂಯಾರ್ಕಿಂದ ಆಫ್ರಿಕಾ ಬಂಬಾಟಾ ಅವರ ಪ್ಲಾನೆಟ್ ರಾಕ್ ಅನ್ನೋ ಹಾಡು ಬಂತು, ಇವರದ್ದೇ ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್‌ನ ರಾಗ, ಇವರದ್ದೇ ನಂಬರ್ಸ್‌ನ ಬೀಟ್ ಇಟ್ಕೊಂಡು ಕ್ಲಬ್‌ಗಳನ್ನೆಲ್ಲ ಕುಣಿಸ್ತು. ಇವರು ಮಾತ್ರ ಟೆಕ್ನೋ ಪಾಪ್ ಅಂತ ಆಲ್ಬಂ ಅನೌನ್ಸ್ ಮಾಡಿ, ತಡೆಹಿಡಿದು, ಮತ್ತೆ ಮಿಕ್ಸ್ ಮಾಡಿ, ಬೇರೆಯವರ ಸೌಂಡ್ ಹೇಗಿದೆ ಅಂತ ನೋಡ್ತಾ ಕೂತ್ರು, ಕೊನೆಗೆ ಎಲೆಕ್ಟ್ರಿಕ್ ಕೆಫೆ ಅನ್ನೋ ಹೆಸರಲ್ಲಿ ಅದು ಹೊರಗೆ ಬರೋಷ್ಟರಲ್ಲಿ 1986! ಹ್ಯೂಟರ್‌ಗೆ ಸೈಕಲ್ ಹುಚ್ಚು ಹಿಡಿದಿತ್ತು, ಬಿದ್ದು ತಲೆಗೆ ಜೋರು ಪೆಟ್ಟೂ ಮಾಡ್ಕೊಂಡಿದ್ರು, ಅದಕ್ಕೇ ಹಾಳಾಯ್ತು ಅಂತಾರೆ ಕೆಲವರು. ನಾನು ಒಪ್ಪಲ್ಲ. ಕೆಲಸ ಮುಗೀತು, ಇನ್ನು ಬಿಡೋಣ ಅನ್ನೋ ಧೈರ್ಯ ಹೋಗಿತ್ತು, ಅಷ್ಟೇ.

ನನಗೆ ಹೊಟ್ಟೆ ಉರಿಯೋದು ಫ್ಲೂರ್ ವಿಷಯಕ್ಕೆ. ಲೋಹದ ಕಡ್ಡಿಯಿಂದ ತಟ್ಟಿದ್ರೆ ಸದ್ದು ಬರೋ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ನುಡಿಸ್ತಾ ಬ್ಯಾಂಡಿಗೆ ಲಯ ಕೊಟ್ಟ ಮನುಷ್ಯ, ಬೀಟನ್ನ ತಾನೇ ನುಡಿಸೋ ಸೀಕ್ವೆನ್ಸರ್ ಯಂತ್ರ ಬಂದ್ಮೇಲೆ ಸ್ಟುಡಿಯೋದಲ್ಲಿ ಸುಮ್ನೆ ಕೂರೋ ಹಾಗಾಯ್ತು. 80ರ ದಶಕ ಮುಗಿಯೋ ಮೊದಲೇ ಬಿಟ್ಟುಹೋದ್ರು. ಬಾರ್ಟೋಸ್ 1990ರವರೆಗೆ ತಡ್ಕೊಂಡ್ರು. ಹೊಸದು ಬರೆಯೋ ಶಕ್ತಿ ಇದ್ದೋರಿಗೆ ಹಳೇ ಹಾಡುಗಳನ್ನೇ ಮತ್ತೆ ರೆಕಾರ್ಡ್ ಮಾಡೋ ಕೆಲಸ ಕೊಟ್ರೆ ಯಾರು ತಾನೇ ಇರ್ತಾರೆ ಹೇಳಿ? ಆ ಹಳೇ ಹಾಡುಗಳು ದಿ ಮಿಕ್ಸ್ ಅಂತ 1991ರಲ್ಲಿ ಬಂದಾಗ ಅವರು ಬ್ಯಾಂಡಲ್ಲೇ ಇರ್ಲಿಲ್ಲ.

ಫ್ಲೋರಿಯನ್ ಕೂಡ 2008ರಲ್ಲಿ ಹೊರಟ್ರು, 2020ರಲ್ಲಿ ತೀರ್ಕೊಂಡ್ರು. ಈಗಿನ ಶೋಗಳ 3ಡಿ ಕನ್ನಡಕ, ದೃಶ್ಯಗಳು ಎಲ್ಲಾ ಚೆನ್ನಾಗೇ ಇವೆ, ಹೋಗೋರು ಖುಷಿಯಾಗಿ ಹೋಗಿ. ನಾನಂತೂ ಯಾರಾದ್ರೂ ಕೇಳಿದ್ರೆ ಕಂಪ್ಯೂಟರ್ ವರ್ಲ್ಡ್‌ನೇ ಕೊಡ್ತೀನಿ, ಅದ್ರಲ್ಲೂ ನಂಬರ್ಸ್ ಹಾಡನ್ನ ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಬಾರ್ಟೋಸ್ ಆ ಬೀಟ್ ಹೇಗೆ ಕಟ್ಟಿದಾರೆ ನೋಡಿ.