ಥೇಮ್ಸ್ ಮತ್ತು ವೀಸಿ ನಾಲೆ

ಹಿಮ್ಮಡಿಯ ಬೊಬ್ಬೆ ಇನ್ನೂ ಒಣಗಿಲ್ಲ. ಸಿಟ್ಟೂ ಅಷ್ಟೇ.

ಮಂಡ್ಯದಿಂದ ಭಾವ ಬಂದಿದ್ದಾರೆ. ಭಾನುವಾರ ಅವರನ್ನು ಆಕ್ಸ್‌ಫರ್ಡ್ ಹೊರಗೆ, ಥೇಮ್ಸ್ ದಡದ ಹಳ್ಳಿ ಪಬ್ಬಿಗೆ ಕರೆದೊಯ್ದೆ. ಇಂಥಲ್ಲಿಗೆ ನಡೆದೇ ಹೋಗಬೇಕು ಅಂತ ಭಾಷಣ ಬಿಗಿದವನೂ ನಾನೇ. ಪೋರ್ಟ್ ಮೆಡೋ ಹುಲ್ಲುಗಾವಲಿನ ಕೆಸರಲ್ಲಿ ಒಂದು ಗಂಟೆ ಮೇಲಾಯಿತು.

"ನದಿ ಎಲ್ಲೋ?" ತೋರಿಸಿದೆ. "ಇದಾ? ನಮ್ ವೀಸಿ ನಾಲೇನೇ ವಾಸಿ ಕಣ್ಲಾ."

ವೀಸಿ ನಾಲೆ ಅಂದರೆ ಮಂಡ್ಯದ ಕಡೆ ಕಾವೇರಿ ನೀರು ಹರಿಸೋ ವಿಶ್ವೇಶ್ವರಯ್ಯ ನಾಲೆ. ಭಾವನಿಗೆ ಇದೊಂದು ಚಟ. ಎಲ್ಲಿ ನೀರು ಕಂಡರೂ ಕಾವೇರಿ ಜೊತೆ ತೂಗಬೇಕು. ಲಂಡನ್ನಿನಲ್ಲಿ ಅಗಲ ಆಗುತ್ತೆ ಭಾವ, ಅಂದೆ. ಉದ್ದ ಎಷ್ಟು? 346 ಕಿಲೋಮೀಟರ್. "ಕಾವೇರಿ ಎಂಟ್ನೂರು!" ಇಲ್ಲಿ ಇದಕ್ಕೆ ಐಸಿಸ್ ಅಂತಲೂ ಹೆಸರಿದೆ, ಅಂದೆ. ಸುಮ್ನಿರಬೇಕಿತ್ತು. "ಇಷ್ಟು ನೀರಿಗೆ ಎರಡೆರಡು ಹೆಸರು ಬೇರೆ!"

ನಾನು ಬೂಟಿನ ಕೆಸರು ಒರೆಸಿ ಬರುವಷ್ಟರಲ್ಲಿ ಭಾವ ಹೊಳೆ ಪಕ್ಕದ ಟೇಬಲ್ ಹಿಡಿದು, ಸಪ್ಲೈಯರ್‌ಗಾಗಿ ಕೈ ಎತ್ತುತ್ತಿದ್ದರು. ಪಬ್ಬಿನಲ್ಲಿ ನಾವೇ ಎದ್ದು ಹೋಗಿ ಕೇಳಬೇಕಲ್ವಾ, ಯಾರು ಬರುತ್ತಾರೆ? ಆಚೆ ಟೇಬಲ್ಲಿನ ಅಜ್ಜ ಮಾತ್ರ ಪಾಪ, ಪ್ರತಿ ಸಲವೂ ತಿರುಗಿ ಕೈ ಬೀಸುತ್ತಿದ್ದರು.

ಕೌಂಟರಿಗೆ ಹೋದರೆ ಅಡುಗೆಮನೆ ಮೂರಕ್ಕೇ ಬಂದ್. ಆಗ ಮೂರೂ ಹತ್ತು. ಎರಡು ಪಿಂಟ್ ಏಲ್ ಬಿಯರ್, ಒಂದು ಪ್ಯಾಕೆಟ್ ಆಲೂ ಚಿಪ್ಸ್ ತಂದೆ.

"ಇದ್ರಲ್ಲಿ ಎಷ್ಟೈತೆ?"

"568 ಎಂಎಲ್."

"ನಮ್ಮೂರ ಬಾಟ್ಲಿ 650. ಮಿಕ್ಕ 82 ಎಲ್ಲೋಯ್ತು?" ಒಂದು ಗುಟುಕು ಕುಡಿದು, "ಇದೇನ್ಲಾ, ಬಿಸಿಲಲ್ಲಿ ಮಡಗಿದ್ರಾ?"

ಏಲ್ ಇಲ್ಲಿ ನೆಲಮಾಳಿಗೆಯ ತಣ್ಪಿನಲ್ಲೇ ಇರುತ್ತೆ, 12 ಡಿಗ್ರಿ ಆಸುಪಾಸು. ಹೇಳಿದರೆ ಕೇಳಬೇಕಲ್ಲ? ಐಸ್ ಕೇಳಲು ನನ್ನನ್ನೇ ಅಟ್ಟಿದರು. ಮುದ್ದೆಗೆ ಸಕ್ಕರೆ ಕೇಳಿದವನನ್ನು ನೋಡೋ ಹಾಗೆ ನೋಡಿದ ಕೌಂಟರಿನ ಹುಡುಗ. ಐಸ್ ಮಾತ್ರ ಕೊಟ್ಟ. ವಾಪಸ್ ಬಂದರೆ ಚಿಪ್ಸ್ ಪ್ಯಾಕೆಟ್ ಖಾಲಿ.

ಹೊಟ್ಟೆ ತಾಳ ಹಾಕುತ್ತಿದ್ದಂತೆ ಅದೇ ಕೆಸರಲ್ಲಿ ಹೊರಟೆವು. ಹುಲ್ಲುಗಾವಲಿನ ನಡುವೆ ಭಾವ ನಿಂತುಬಿಟ್ಟರು. ಹತ್ತಿಪ್ಪತ್ತು ದನ ಮೇಯುತ್ತಿದ್ದವು. "ಅವ್ವ ಇದ್ದಾಗ ನಮ್ಮನೇಲೂ ಆರಿದ್ವು" ಅಂದರು, ಮೆಲ್ಲಗೆ. ಆಮೇಲೆ ನಾಲಿಗೆ ಲೊಚಗುಟ್ಟಿಸಿ "ಬಾ ಬಾ ಬಾ" ಅಂತ ಕರೆದರು. ಒಂದು ಕೆಂದ ಹಸು ನಿಜಕ್ಕೂ ಬಂದು ಅವರ ತೋಳು ಮೂಸಿತು.

"ನೋಡ್ಲಾ, ಇದ್ಕೆ ಕನ್ನಡ ಬತ್ತದೆ!"

ಮುಂದಿನ ಭಾನುವಾರವೂ ಅಲ್ಲಿಗೇ ಹೋಗಬೇಕಂತೆ. ಬುತ್ತಿ ಕಟ್ಟಿಕೊಂಡು.