ಕೆಂಪು ಗೆರೆ ಬಿದ್ದದ್ದೆಲ್ಲ ತಪ್ಪಲ್ಲ

ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ಬರೆಯುವವರಲ್ಲಿ ಒಂದು ವಿನಂತಿ. ಕಾಗುಣಿತ ಪರೀಕ್ಷೆಯ ಕೆಂಪು ಗೆರೆ ಕೆಳಗೆ ಬಿತ್ತೆಂದು ಸರಿಯಾಗಿರುವ ಪದವನ್ನು ತಿದ್ದಲು ಹೋಗಬೇಡಿ.

‘ಮನೆ’ ಅನ್ನುವುದು ಮನೆಯಲ್ಲಿ, ಮನೆಯಿಂದಲೇ, ಮನೆಯವರಿಗೂ, ಮನೆಯವರಿಗಾದರೂ ಎಂದು ಬೆಳೆಯುತ್ತಲೇ ಹೋಗುತ್ತದೆ. ಪದಪಟ್ಟಿ ಇಟ್ಟುಕೊಂಡು ತಾಳೆ ನೋಡುವ ಉಪಕರಣಕ್ಕೆ ಇವು ಒಂದೊಂದೂ ಬೇರೆ ಪದ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳಲ್ಲಿರುವ ಹನ್‌ಸ್ಪೆಲ್ ಎಂಬ ಕಾಗುಣಿತ ಪರೀಕ್ಷಕದಲ್ಲಿ ಪ್ರತ್ಯಯಗಳ ನಿಯಮ ಬರೆದಿಡಲು ಪ್ರತ್ಯೇಕ ಫೈಲೇ ಇದೆ. ಅದು ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ, ಅದೂ ನಮ್ಮಂತೆ ಪ್ರತ್ಯಯ ಪೋಣಿಸುವ ಭಾಷೆ. ಆದರೂ ನಮ್ಮ ಸಂಧಿ, ಸಮಾಸಗಳನ್ನೆಲ್ಲ ನಿಯಮದಲ್ಲಿ ಹಿಡಿದಿಡುವುದು ಸುಲಭದ ಕೆಲಸವಲ್ಲ.

ಪದೇಪದೇ ಬರುವ ಊರು, ಮನೆತನದ ಹೆಸರುಗಳನ್ನು ಟೂಲ್ಸ್, ಸ್ಪೆಲಿಂಗ್ ಅಂಡ್ ಗ್ರಾಮರ್, ಪರ್ಸನಲ್ ಡಿಕ್ಷನರಿಗೆ ಹೋಗಿ ಸೇರಿಸಿ. ‘ಬೆಳ್ತಂಗಡಿ’ ಸೇರಿಸಿದ ಮಾತ್ರಕ್ಕೆ ‘ಬೆಳ್ತಂಗಡಿಯಲ್ಲಿ’ ಸೇರಿತು ಅಂದುಕೊಳ್ಳಬೇಡಿ, ಹೆಚ್ಚು ಬಳಸುವ ರೂಪಗಳನ್ನು ಒಂದೊಂದಾಗಿ ಹಾಕಬೇಕು. ಅವಸರದಲ್ಲಿ ತಪ್ಪು ಕಾಗುಣಿತ ಸೇರಿಹೋಗಿದ್ದರೆ ಅಲ್ಲಿಂದಲೇ ಅಳಿಸಿ.

ಕಣ್ಣಿಗೆ ಬೀಳದ ತಪ್ಪು ಬೇರೆಯೇ ಇದೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ. ‘ಸ೦ಜೆ’, ‘ಸಂಜೆ’ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಇರುವುದು ಅಂಕಿ. ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ‘ಸಂಜೆ’ ಎಂದು ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ಕಂಟ್ರೋಲ್ ಎಚ್ ಒತ್ತಿ, ಹುಡುಕುವ ಜಾಗದಲ್ಲಿ ಸೊನ್ನೆ, ಬದಲಿಸುವ ಜಾಗದಲ್ಲಿ ಅನುಸ್ವಾರ ಹಾಕಿ. ‘ರಿಪ್ಲೇಸ್ ಆಲ್’ ಮಾತ್ರ ಒತ್ತಲೇಬೇಡಿ. ಬರಹದಲ್ಲಿ ೧೦, ೫೦೦ ಎಂಬಂಥ ಕನ್ನಡ ಅಂಕಿಗಳಿದ್ದರೆ ಅವೂ ಕೆಟ್ಟುಹೋಗುತ್ತವೆ. ಒಂದೊಂದೇ ನೋಡಿ ಬದಲಿಸಿ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಾದ ಲೇಖನವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಇಲ್ಲದಿದ್ದರೆ ಉಪಕರಣಕ್ಕೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಪದವಾಗಿ ಸರಿಯಿದ್ದು ವಾಕ್ಯದಲ್ಲಿ ತಪ್ಪಾಗುವುದನ್ನು ಪದಪಟ್ಟಿ ಹಿಡಿಯಲಾರದು. ‘ಈ ವರ್ಷ ಈರುಳ್ಳಿ ಬೆಳೆ ಕೆಜಿಗೆ ನಲವತ್ತು ರೂಪಾಯಿ’ ಎಂದು ಬರೆದರೆ ಗೆರೆಯೇ ಬೀಳುವುದಿಲ್ಲ, ‘ಬೆಳೆ’ಯೂ ಪದವೇ ತಾನೇ! ಹಾಲು–ಹಾಳು, ಅದರ–ಆದರೆ, ‘ಮಕ್ಕಳು ಬಂದನು’ ಇಂಥವೆಲ್ಲ ಕಣ್ಣಿನಿಂದಲೇ ಹಿಡಿಯಬೇಕಾದವು. ಪೂರ್ತಿ ಓದಲು ಸಮಯವಿಲ್ಲದಿದ್ದರೆ ಲ–ಳ ಬರುವ ಪದ, ವಾಕ್ಯದ ಕೊನೆಯ ಕ್ರಿಯಾಪದ, ಹೆಸರು, ಅಂಕಿ ಇಷ್ಟನ್ನಾದರೂ ಜೋರಾಗಿ ಓದಿ ನೋಡಿ. ಬೇರೆಯವರ ಬರಹವನ್ನು ತಿದ್ದುವಾಗ ಎಡಿಟಿಂಗ್ ಮೋಡ್ ಬಿಟ್ಟು ಸಜೆಸ್ಟಿಂಗ್ ಮೋಡ್‌ಗೆ ಹೋಗಿ. ನೀವು ಏನು ಬದಲಿಸಿದಿರಿ ಎಂದು ಬರೆದವರಿಗೆ ಕಾಣುತ್ತದೆ, ಬೇಡವಾದದ್ದನ್ನು ಅವರೇ ತಿರಸ್ಕರಿಸಬಹುದು.